ಹೊಸ್ತಿಲು ದಾಟದ ರೊಕ್ಕ

2024 ಅಕ್ಟೋಬರ್ 16, ಬುಧವಾರ. ಮಧ್ಯಾಹ್ನ 2.10

ಮತ್ತೆ ಕರೆಂಟ್ ಹೋಯಿತು. ಜಕ್ಕಲಿಯವರ ಜೋಳ ಅರ್ಧ ಹಿಟ್ಟಾಗಿದೆ, ಅರ್ಧ ಗಿರಣಿಯ ಬಾಯಲ್ಲೇ ಕೂತಿದೆ. ಬಸ್ಸಿಗೆ ಹೊತ್ತಾಯಿತು ಎಂದು ಗೊಣಗುತ್ತ ಅವರು ಚಹಾ ಕುಡಿಯಲು ಹೋದರು.

ಬೆಲ್ಟ್ ನಿಂತ ಮೇಲೂ ಸ್ವಲ್ಪ ಹೊತ್ತು ಕಿವಿಯಲ್ಲಿ ಸದ್ದು ಇರುತ್ತದೆ. ಅದು ಅಡಗಿದ ಮೇಲೆ ಗಾಳಿಯಲ್ಲಿದ್ದ ಹಿಟ್ಟು ಮೆಲ್ಲಗೆ ಇಳಿಯಲು ಶುರು. ತಗಡಿನ ತೂತಿನಿಂದ ಬಿಸಿಲು ಕೋಲಿನ ಹಾಗೆ ಬಿದ್ದಿರುತ್ತದೆ. ಅದರೊಳಗೆ ಹಿಟ್ಟು ತೇಲುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯದು. ರೋಣದ ಈ ಗಿರಣಿಯಲ್ಲಿ ಒಂಬತ್ತು ವರ್ಷದಿಂದ ಕೆಲಸ. ಇನ್ನೂ ಬೇಸರ ಬಂದಿಲ್ಲ. ನಾನು ಅರ್ಧ ನಿದ್ದೆಯಲ್ಲೇ ಬದುಕುವವಳು ಎಂದು ಅತ್ತೆ ಹೊನ್ನವ್ವ ಊರಿಗೆಲ್ಲ ಹೇಳಿದ್ದಾರೆ. ಇರಬಹುದು.

ಈ ಡೈರಿ, ಬೀಜದ ಕಂಪನಿಯವರು ಕೊಟ್ಟದ್ದು. ಜನವರಿಯಿಂದ ಖಾಲಿ ಬಿದ್ದಿತ್ತು. ಕರೆಂಟ್ ಹೋದಾಗ ಮಾತ್ರ ಬರೆಯುವುದು. ಇದ್ದಾಗ ಎರಡೂ ಕೈಗೆ ಕೆಲಸ.

ಇವತ್ತು ಮಾಲೀಕರು, ಮೌಲಾಸಾಬ ಚಾಚಾ, ಸ್ಟಾರ್ಟರ್ ಪಕ್ಕದ ತಮ್ಮ ಸ್ಟೂಲಿನ ಮೇಲೆ ಕೂತು ಒಂದು ಮಾತು ಹೇಳಿದರು. ಗಿರಣಿ ಮಾರುತ್ತಾರಂತೆ. ಎಪ್ಪತ್ತೆರಡಾಯಿತು, ಹಿಟ್ಟಿನ ಧೂಳಿಗೆ ದಮ್ಮು ಹೆಚ್ಚಾಗಿದೆ. ಮಗಳು ಇಷ್ರತ ಹುಬ್ಬಳ್ಳಿಗೆ ಬಾ ಎಂದು ಹಟ ಹಿಡಿದಿದ್ದಾಳೆ. ಗಜೇಂದ್ರಗಡದ ಒಬ್ಬ ವ್ಯಾಪಾರಿ ಕೇಳಿದ್ದಾನೆ— ಯಂತ್ರ ಗುಜರಿಗೆ ಹಾಕಿ ಮೊಬೈಲ್ ಅಂಗಡಿ ಮಾಡುವವನು.

"ನೀ ತಗೋತೀ ಅಂದ್ರ ನಿನಗ ಕೊಡ್ತೀನಿ" ಎಂದರು ಚಾಚಾ. "ಕಲ್ಲು, ಮೋಟರ್, ಮೀಟರ್ ಎಲ್ಲಾ ಕೂಡಿ ಎರಡೂವರಿ ಲಕ್ಷ. ಒಂದ ವರ್ಷ ಕಾಯ್ತೀನಿ. ಅದರ ಮ್ಯಾಲೆ ನನ್ನ ಎದಿ ಕಾಯಂಗಿಲ್ಲ."

ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಗೆ ತಿರುಗಿ ಕರೆಂಟ್ ಮಾಡುವ ದೊಡ್ಡ ಫ್ಯಾನುಗಳಿವೆಯಲ್ಲ— ಬಸ್ಸಿನಿಂದ ನೋಡಿದರೆ ಸದ್ದೇ ಇಲ್ಲದೆ ತಿರುಗುತ್ತವೆ— ಅಲ್ಲಿಂದ ಒಂದು ತಂತಿ ನೆಟ್ಟಗೆ ನನ್ನ ಗಿರಣಿಗೆ ಬಂದ ಹಾಗೆ ಕಂಡಿತು. ನನ್ನ ಗಿರಣಿ ಎಂದು ಬರೆದೆ, ನೋಡು. ಬರೆದಾಯಿತು, ಹೊಡೆದು ಹಾಕುವುದಿಲ್ಲ.

ಬಲ್ಬ್ ಹತ್ತಿತು. "ಯಶೋಧಾ, ಬಂತ ನೋಡು"— ಚಾಚಾ ಕೂಗುತ್ತಿದ್ದಾರೆ.

2024 ಅಕ್ಟೋಬರ್ 21, ಸೋಮವಾರ

ಬ್ಯಾಂಕಿಗೆ ಹೋಗಿದ್ದೆ. ಸಾಲದ ಟೇಬಲ್ಲಿನ ಭಾರತಿ ಮೇಡಂ ಆಧಾರ್, ಪ್ಯಾನ್ ತಗೊಂಡು ಕಂಪ್ಯೂಟರ್ ಒತ್ತಿದರು. ಮುಖ ಸಣ್ಣದಾಯಿತು. ನನ್ನ ಸಿಬಿಲ್, ಅಂದರೆ ಸಾಲ ತೀರಿಸುವ ನಂಬಿಕೆಗೆ ಕೊಡುವ ನಂಬರ್, ಐನೂರಾ ನಲವತ್ತೆಂಟು. ಏಳುನೂರು ಇಲ್ಲದೆ ಮ್ಯಾನೇಜರ್ ಫೈಲ್ ಮುಟ್ಟುವುದಿಲ್ಲ.

ನಾನು ಜನ್ಮದಲ್ಲಿ ಸಾಲ ಮಾಡಿದವಳಲ್ಲ. ಮಾಡಿದ್ದು ತಮ್ಮ ಉಮೇಶ, ನನ್ನ ಹೆಸರಿನಲ್ಲಿ. ನಾಲ್ಕು ವರ್ಷದ ಹಿಂದೆ ನರಗುಂದದ ಅಂಗಡಿಯೊಂದರಲ್ಲಿ ಟಿವಿ, ಮೊಬೈಲ್ ಎರಡೂ ಕಂತಿನ ಮೇಲೆ. ಅಕ್ಕಾ ಒಂದು ಸಹಿ ಎಂದ, ಹಾಕಿದೆ. ನಾಲ್ಕು ಕಂತು ಕಟ್ಟಿ ಗೋವಾಕ್ಕೆ ಕೆಲಸಕ್ಕೆ ಹೋದ. ಆಮೇಲೆ ಫೈನಾನ್ಸಿನವರು ಮನೆಗೆ ಬಂದು ಅರ್ಧ ಕೊಟ್ಟರೆ ಮುಗಿಸುತ್ತೇವೆ ಎಂದರು. ಕೊಟ್ಟೆ, ಮುಗಿಯಿತು ಎಂದು ನಿಟ್ಟುಸಿರು ಬಿಟ್ಟಿದ್ದೆ. ಇನ್ನರ್ಧ ಇಷ್ಟು ದಿನ ಕಂಪ್ಯೂಟರಿನಲ್ಲಿ ಕೂತು ನನ್ನ ಹೆಸರು ಕೆಡಿಸುತ್ತಿತ್ತಂತೆ.

ಮೇಡಂ ದಾರಿ ಹೇಳಿದರು. ಮೊದಲು ಆ ಇನ್ನರ್ಧ ಕಟ್ಟಿ ಕಾಗದ ತರಬೇಕು. ಆಮೇಲೆ ಬ್ಯಾಂಕಿನಲ್ಲಿ ಇಪ್ಪತ್ತು ಸಾವಿರ ಎಫ್‌ಡಿ ಇಟ್ಟರೆ ಅದರ ಮೇಲೆ ಒಂದು ಕ್ರೆಡಿಟ್ ಕಾರ್ಡ್ ಕೊಡುತ್ತಾರೆ. ಹದಿನೆಂಟು ಸಾವಿರದವರೆಗೆ ಖರ್ಚು ಮಾಡಬಹುದು. ನನ್ನ ರೊಕ್ಕ ಇಟ್ಟುಕೊಂಡು ನನಗೇ ಸಾಲ ಕೊಡುವುದಾ ಎಂದು ಕೇಳಿದೆ. ಅವರು ನಗಲಿಲ್ಲ.

"ಹಿಡಿದ ಸಾಲ ತೀರಸೂ ಹೆಣ್ಮಗಳು ಅಂತ ಬ್ಯಾಂಕಿಗೆ ಗೊತ್ತಾಗಬೇಕ್ರಿ. ಅದನ್ನ ತಿಂಗಳಾ ತಿಂಗಳಾ ತೋರಸಬೇಕು."

ಓಣಿಯ ಹೆಂಗಸರು ಸೇರಿ ಕಟ್ಟುವ ಭಿಶಿ ಚೀಟಿ ಈ ತಿಂಗಳು ನನಗೇ ಎದ್ದಿದೆ, ಇಪ್ಪತ್ತು ಸಾವಿರ. ಅದರಲ್ಲಿ ಮಗಳು ಚಿನ್ನುಗೆ ಬೆಂಡೋಲೆ ಮಾಡಿಸುವುದಿತ್ತು. ಚಿನ್ನು ಒಂಬತ್ತನೇ ಇಯತ್ತೆ. ಕೇಳಿದ್ದಕ್ಕೆ, ಗಿರಣಿ ನಮ್ಮದಾದರೆ ಬೆಂಡೋಲೆ ಎಷ್ಟು ಬೇಕಾದರೂ ಬರುತ್ತವೆ ಎಂದಳು. ನನ್ನ ಹಾಗೆಯೇ ಕನಸಿನವಳು, ಪಾಪ.

ಉಮೇಶನಿಗೆ ಫೋನ್ ಮಾಡಿದೆ. ಕೊಡ್ತೀನಿ ಅಕ್ಕಾ ಎಂದ. ನಾಲ್ಕು ವರ್ಷದಿಂದ ಅದೇ ದನಿ.

2024 ನವೆಂಬರ್ 23, ಶನಿವಾರ. 11.20

ಫೈನಾನ್ಸಿನ ಇನ್ನರ್ಧ ಕಟ್ಟಿದೆ— ನನ್ನ ಗಂಡ ಲಾರಿ ಓಡಿಸಿ ಕೂಡಿಸಿಟ್ಟದ್ದು, ಒಂದು ಮಾತೂ ಆಡದೆ ಕೊಟ್ಟರು. ಉಮೇಶನ ಹೆಸರನ್ನೂ ಎತ್ತಲಿಲ್ಲ. ಅದೇ ಹೆಚ್ಚು ನೋವಾಯಿತು.

ಕಾರ್ಡ್ ನಿನ್ನೆ ಪೋಸ್ಟಿನಲ್ಲಿ ಬಂತು. ನಿನ್ನೆ ಶುಕ್ರವಾರ, ಗಿರಣಿಗೆ ರಜೆ. ಶುಕ್ರವಾರ ಚಾಚಾ ನಮಾಜಿಗೆ, ಅತ್ತೆ ಲಕ್ಷ್ಮಿಗೆ. ನಮ್ಮ ಮನೆಯಲ್ಲಿ ಮಂಗಳವಾರ, ಶುಕ್ರವಾರ ಒಂದು ಪೈಸೆ ಹೊಸ್ತಿಲು ದಾಟಿ ಹೊರಗೆ ಹೋಗುವ ಹಾಗಿಲ್ಲ. ನಾನು ಮದುವೆಯಾಗಿ ಬಂದಾಗಿನಿಂದ ಹಾಗೆಯೇ. ಹಾಲಿನವನು, ಪೇಪರಿನವನು, ಎಲ್ಲರಿಗೂ ಗೊತ್ತು. ಆ ಎರಡು ದಿನ ನಮ್ಮ ಬಾಗಿಲಿಗೆ ಯಾರೂ ಕೈ ಚಾಚುವುದಿಲ್ಲ.

ಲಕ್ಷ್ಮಿ ಶುಕ್ರವಾರವೇ ಬಂದಳು ಎಂದು ಅತ್ತೆಗೆ ಖುಷಿಯೋ ಖುಷಿ. ಕಾರ್ಡಿಗೆ ಅರಿಷಿಣ, ಕುಂಕುಮ ಏರಿಸಿ ದೇವರ ಜಗಲಿಯ ಮೇಲೆ ಇಟ್ಟರು. ಊದಿನಕಡ್ಡಿ ಬೆಳಗಿದರು. ನೀಲಿ ಬಣ್ಣದ ಕಾರ್ಡ್, ನನ್ನ ಹೆಸರು ಉಬ್ಬಿ ಬಂದಿದೆ. ಬೆರಳಿನಿಂದ ಸವರಿ ನೋಡಿದೆ. ನನ್ನ ಹೆಸರು ಇಷ್ಟು ಚಂದ ಕಾಣುತ್ತದೆ ಎಂದು ಗೊತ್ತಿರಲಿಲ್ಲ.

2025 ಜನವರಿ 6, ಸೋಮವಾರ

ಹಳೇ ಡೈರಿಯೇ. ತಾರೀಖು ನಾನೇ ತಿದ್ದಿಕೊಳ್ಳುತ್ತೇನೆ.

ಬ್ಯಾಂಕಿಗೆ ಹೋದೆ, ಎಷ್ಟು ಏರಿದೆ ನೋಡೋಣ ಎಂದು. ಏರಿಯೇ ಇಲ್ಲ. ಕಾರ್ಡ್ ಎಲ್ಲಿದೆ ಎಂದು ಮೇಡಂ ಕೇಳಿದರು. ಜಗಲಿ ಮೇಲೆ ಎಂದೆ. ಒಂದು ರೂಪಾಯಿಯೂ ಖರ್ಚು ಮಾಡಿಲ್ಲ ಎಂದು ಹೆಮ್ಮೆಯಿಂದಲೇ ಹೇಳಿದೆ. ಅವರು ತುಟಿ ಕಚ್ಚಿಕೊಂಡು ಕೂತರು.

"ದೇವರ ಮುಂದ ಇಟ್ಟರ ದೇವರಿಗೆ ಗೊತ್ತಾಗತೈತ್ರಿ ನೀವು ಚಲೋ ಮಂದಿ ಅಂತ. ಬ್ಯಾಂಕಿಗೆ ಹ್ಯಾಂಗ ಗೊತ್ತಾಗಬೇಕು?"

ಸ್ವಲ್ಪ ಬಳಸಬೇಕು— ಐದು ಸಾವಿರದ ಒಳಗೆ. ಹದಿನೆಂಟನೇ ತಾರೀಖಿಗೆ ಬಿಲ್. ಮುಂದಿನ ತಿಂಗಳು ಏಳರೊಳಗೆ ಪೂರ್ತಿ ಕಟ್ಟಬೇಕು. ಇಷ್ಟೇ. ಆರು ವಾರ ಸುಮ್ಮನೆ ಹೋಯಿತು. ಒಂದು ವರ್ಷದ ಗಡುವಿನಲ್ಲಿ ಆರು ವಾರ ನಾನು ಅದಕ್ಕೆ ಊದಿನಕಡ್ಡಿ ಬೆಳಗಿದ್ದೇನೆ. ನಗಬೇಕೋ ಅಳಬೇಕೋ.

2025 ಜನವರಿ 9, ಗುರುವಾರ. 3.00

ಕಿರಾಣಿ ಅಂಗಡಿಯಲ್ಲಿ ಮೊದಲ ಸಲ ಕಾರ್ಡ್ ಕೊಟ್ಟೆ. ಎಣ್ಣೆ, ಬೆಲ್ಲ, ತೊಗರಿಬೇಳೆ, ಸಾವಿರದ ಇನ್ನೂರ ನಲವತ್ತು. ಮಷಿನ್ ಓದಲೇ ಇಲ್ಲ. ಮತ್ತೊಮ್ಮೆ, ಮತ್ತೊಮ್ಮೆ. ನನ್ನ ಕಿವಿ ಬಿಸಿಯಾಯಿತು. ಅಂಗಡಿಯವರು ಕಾರ್ಡ್ ತಿರುಗಿಸಿ ಮೂಸಿ ನೋಡಿ, ಇದೇನು ಅರಿಷಿಣವೇ ಎಂದರು. ಕಾರ್ಡಿನ ಚಿಪ್ ಮೇಲೆ ಕುಂಕುಮ ಗಟ್ಟಿಯಾಗಿ ಕೂತಿತ್ತು. ಧೋತರದ ಚುಂಗಿನಿಂದ ಉಜ್ಜಿದ ಮೇಲೆ ಟಕ್ಕೆಂದು ಚೀಟಿ ಬಂತು.

ಮನೆಗೆ ಬರುವ ದಾರಿಯಲ್ಲಿ ಯಾಕೋ ನೆಲದಿಂದ ನಾಲ್ಕು ಬೆರಳು ಮೇಲೆ ನಡೆದ ಹಾಗಿತ್ತು. ಸಾಲ ಮಾಡಿ ಇಷ್ಟು ಸಂತೋಷ ಪಟ್ಟವಳು ರೋಣದಲ್ಲಿ ನಾನೊಬ್ಬಳೇ ಇರಬೇಕು.

2025 ಫೆಬ್ರುವರಿ 13, ಗುರುವಾರ

ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ಏಳನೇ ತಾರೀಖು ಶುಕ್ರವಾರ ಬಿತ್ತು. ಚಾಚಾ ಪಗಾರ ಕೊಡುವುದು ಗುರುವಾರ ಸಂಜೆ. ಹಾಗಾಗಿ ಶುಕ್ರವಾರ ಬೆಳಿಗ್ಗೆ ರೊಕ್ಕ ಸೆರಗಿಗೆ ಕಟ್ಟಿಕೊಂಡು ಹೊರಟಿದ್ದೆ. ಅತ್ತೆ ಬಾಗಿಲಲ್ಲಿ ನಿಂತರು. ಇವತ್ತು ಆಗದು, ನಾಳೆ ಹೋಗು ಎಂದರು. ನಾಳೆ ಎರಡನೇ ಶನಿವಾರ, ಬ್ಯಾಂಕ್ ಬಂದ್. ಭಾನುವಾರ ಬಂದ್. ಸೋಮವಾರ ಹೊಳೆಆಲೂರಿನಲ್ಲಿ ನಾದಿನಿಯ ಮಗುವಿನ ತೊಟ್ಟಿಲು, ಹೋಗದಿದ್ದರೆ ಆಗುತ್ತಿರಲಿಲ್ಲ. ಮಂಗಳವಾರ ಮತ್ತೆ ಅತ್ತೆ. ಬುಧವಾರ ಕಟ್ಟಿದೆ. ಐದು ದಿನ ತಡ.

ಮೂರು ದಿನದವರೆಗೆ ತಡವಾದರೆ ಬ್ಯಾಂಕ್ ಸಿಬಿಲ್‌ನವರಿಗೆ ತಿಳಿಸುವುದಿಲ್ಲವಂತೆ. ಐದು ದಿನ ಎಂದರೆ ತಿಳಿಸುತ್ತದೆ. ಸಾವಿರದ ಇನ್ನೂರ ನಲವತ್ತು ರೂಪಾಯಿಗೆ ನನ್ನ ಹೆಸರಿಗೆ ಇನ್ನೊಂದು ಕಲೆ. ಭಾರತಿ ಮೇಡಂ ಬೈಯಲಿಲ್ಲ. ಯಾಕೆ ತಡ ಎಂದು ಕೇಳಿದರು. ಕಾರಣ ಹೇಳಿದರೆ ಮಂಕಾಗಿ ನೋಡಿದರು. ಅವರ ಮನೆಯಲ್ಲೂ ಇದೇ ಇದೆಯಂತೆ, ಆದರೆ ಅವರದು ಫೋನಿನಲ್ಲಿ ಹೋಗುತ್ತದೆ, ಅತ್ತೆಗೆ ಕಾಣುವುದಿಲ್ಲ. ನನ್ನದು ಬಟನ್ ಫೋನ್.

ಮನೆಯಲ್ಲಿ ಅತ್ತೆಯ ಜೊತೆ ಮಾತು ಬಿಟ್ಟಿದ್ದೇನೆ. ಸಿಟ್ಟು ಅಂದರೆ ಸಿಟ್ಟು. ಒಂಬತ್ತು ವರ್ಷ ಬೇರೆಯವರ ಗಿರಣಿಯಲ್ಲಿ ಹಿಟ್ಟು ಕುಡಿದವಳಿಗೆ ಒಂದು ಶುಕ್ರವಾರ ಬಿಟ್ಟುಕೊಡಲು ಆಗಲಿಲ್ಲ ಅವರಿಗೆ.

2025 ಫೆಬ್ರುವರಿ 20, ಗುರುವಾರ. 12.30

ಚಿನ್ನು ಅಜ್ಜಿಗೆ ಎಲ್ಲ ಬಿಡಿಸಿ ಹೇಳಿದ್ದಾಳೆ. ಏನು ಹೇಳಿದಳೋ. ಅತ್ತೆ ನನ್ನ ಹತ್ತಿರ ಬಂದು ಏನೂ ಅನ್ನಲಿಲ್ಲ. ತಪ್ಪಾಯಿತು ಎನ್ನುವುದು ಆ ನಾಲಿಗೆಗೆ ಗೊತ್ತಿಲ್ಲ. ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ, ಚಿನ್ನುವನ್ನು ಪಕ್ಕ ಕೂರಿಸಿಕೊಂಡು, ಪ್ರತಿ ತಿಂಗಳ ಏಳರ ಹಿಂದೆ ಮಂಗಳವಾರ ಶುಕ್ರವಾರ ಅಲ್ಲದ ದಿನ ಹುಡುಕಿ ಒಂದೊಂದು ಅರಿಷಿಣದ ಬೊಟ್ಟು ಇಟ್ಟರು. ಡಿಸೆಂಬರ್ ತನಕ. ಕ್ಯಾಲೆಂಡರಿನ ಅಂಕಿ ಸರಿಯಾಗಿ ಕಾಣದ ಅತ್ತೆ ಮೂಗು ಹತ್ತಿಸಿ ಹತ್ತಿಸಿ ಇಟ್ಟಿದ್ದಾರೆ.

ಊಟಕ್ಕೆ ಬಡಿಸುವಾಗ ನಾನೇ ಮೊದಲು ಮಾತಾಡಿದೆ. ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎಂದೆ.

ಈಗ ಹೊರಗೆ ನಾಯಿ ಮಲಗಿದೆ. ಬೀದಿಯೂ ಮಲಗಿದೆ. ಕರೆಂಟ್ ಬರಲಿಕ್ಕೆ ಇವತ್ತು ಅವಸರ ಇಲ್ಲದ ಹಾಗಿದೆ.

2025 ಏಪ್ರಿಲ್ 3, ಗುರುವಾರ

ಯುಗಾದಿಯ ಮರುದಿನವೇ ರಂಜಾನ್ ಹಬ್ಬ ಬಂತು. ನಮ್ಮ ಮನೆಯಿಂದ ಹೋಳಿಗೆ ಚಾಚಾನ ಮನೆಗೆ, ಅವರ ಮನೆಯಿಂದ ಹಾಲು ಶಾವಿಗೆಯ ಸುರಕುಂಬಾ ನಮ್ಮ ಮನೆಗೆ. ಚಾಚಾನಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಆದರೂ ಕೇಳಿದ್ದು ಅದೇ, ನಿನ್ನ ನಂಬರ್ ಎಲ್ಲಿಗೆ ಬಂತು ಎಂದು. ಐನೂರಾ ಎಪ್ಪತ್ತು ಎಂದೆ. ಬೆರಳು ಮಡಚಿ ಏನೋ ಲೆಕ್ಕ ಹಾಕಿದರು, ಏಳುನೂರಕ್ಕೆ ಎಷ್ಟು ಕಡಿಮೆ ಎಂದಿರಬೇಕು. ಬೆರಳು ಸಾಲಲಿಲ್ಲ.

ನನಗೆ ಆ ಅಂಕಿ ಕನಸಿನಲ್ಲೂ ಬರುತ್ತದೆ. ಗಜೇಂದ್ರಗಡದ ಗುಡ್ಡದ ಮೆಟ್ಟಿಲು ಹತ್ತುತ್ತಿರುತ್ತೇನೆ, ತಲೆಯ ಮೇಲೆ ಹಿಟ್ಟಿನ ಡಬ್ಬಿ. ಪ್ರತಿ ಮೆಟ್ಟಿಲಿಗೂ ನಂಬರ್ ಬರೆದಿದೆ. ಮೇಲೆ ಫ್ಯಾನುಗಳು ಸದ್ದಿಲ್ಲದೆ ತಿರುಗುತ್ತಿವೆ. ಡಬ್ಬಿ ಸೋರಿ ಹಿಂದೆ ಬಿಳಿ ಗೆರೆ ಬೀಳುತ್ತ ಹೋಗುತ್ತದೆ, ನನಗೆ ಅದರ ಚಿಂತೆಯೇ ಇಲ್ಲ. ಎಷ್ಟನೇ ಮೆಟ್ಟಿಲು ಎಂದು ನೋಡುವಷ್ಟರಲ್ಲಿ ಎಚ್ಚರ. ಸುಖವಾದ ಕನಸು. ಮೊಣಕಾಲು ಮಾತ್ರ ಖರೇನೇ ನೋಯುತ್ತಿರುತ್ತವೆ.

2025 ಜುಲೈ 14, ಸೋಮವಾರ. 4.15

ಮೂರು ತಿಂಗಳು ಬರೆದಿಲ್ಲ. ಕರೆಂಟ್ ಹೋಗಲಿಲ್ಲವೆಂದಲ್ಲ. ಚಾಚಾ ಬರುವುದು ಕಡಿಮೆಯಾಗಿದೆ, ಎಲ್ಲ ನಾನೇ. ಮೆಣಸಿನಕಾಯಿ ಬೀಸಿದ ಮೇಲೆ ಜೋಳ ಹಾಕುವ ಮೊದಲು ಒಂದು ಸೇರು ನುಚ್ಚು ಹಾಕಿ ಕಲ್ಲು ತೊಳೆಯಬೇಕು. ಮೊದಲೆಲ್ಲ ಚಾಚಾ ನೆನಪು ಮಾಡುತ್ತಿದ್ದರು. ಈಗ ಕಲ್ಲಿನ ಸದ್ದು ಕೇಳಿಯೇ ಹಿಟ್ಟು ನುಣುಪೋ ಬಿರುಸೋ ಹೇಳಬಲ್ಲೆ.

ಆರುನೂರಾ ಮೂವತ್ತೊಂದು. ಅತ್ತೆಯ ಅರಿಷಿಣದ ಬೊಟ್ಟು ಒಂದೂ ತಪ್ಪಿಲ್ಲ. ಆ ದಿನ ಬೆಳಿಗ್ಗೆ ನಾನು ಏಳುವ ಮೊದಲೇ ರೊಕ್ಕ, ಕಾರ್ಡ್, ಚೀಲ ಬಾಗಿಲ ಹತ್ತಿರ ಇಟ್ಟಿರುತ್ತಾರೆ.

ಉಮೇಶ ಫೋನ್ ಮಾಡಿದ್ದ. ಮಳೆ, ಕೆಲಸ ಇಲ್ಲ ಎಂದ. ರೊಕ್ಕದ ಮಾತು ಅವನೂ ಎತ್ತಲಿಲ್ಲ, ನಾನೂ. ಊಟ ಮಾಡಿದೆಯಾ ಎಂದು ಕೇಳಿದೆ. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ, ಹುಡುಕಿದರೂ ಸಿಗಲಿಲ್ಲ.

2025 ಅಕ್ಟೋಬರ್ 13, ಸೋಮವಾರ

ಆರುನೂರಾ ಎಂಬತ್ತಾರು. ಇನ್ನು ಎರಡು ಮೂರು ತಿಂಗಳು ಹೀಗೇ ಹೋದರೆ ಏಳುನೂರು ಎನ್ನುತ್ತಾರೆ ಭಾರತಿ ಮೇಡಂ. ಆದರೆ ಮ್ಯಾನೇಜರ್ ಕಾರ್ಡಿನ ಲೆಕ್ಕ ತಾವೇ ನೋಡುತ್ತಾರಂತೆ. ಇನ್ನೊಂದು ಸಲ ಒಂದು ದಿನ ತಡವಾದರೂ, ಪೂರ್ತಿ ಕಟ್ಟದೆ ಬಾಕಿ ಉಳಿಸಿದರೂ, ಫೈಲ್ ಮುಚ್ಚಿದ ಹಾಗೆ.

ಚಾಚಾ ಕೊಟ್ಟ ವರ್ಷ ಇನ್ನು ಮೂರು ದಿನಕ್ಕೆ ಮುಗಿಯುತ್ತದೆ. ವ್ಯಾಪಾರಿ ವಾರಕ್ಕೆರಡು ಸಲ ಫೋನ್ ಮಾಡುತ್ತಾನೆ. ದೀಪಾವಳಿ ಆಗಲಿ ಎಂದರು ಚಾಚಾ, ಅದನ್ನು ಹೇಳಲು ಮೂರು ಸಲ ಉಸಿರು ಎಳೆದುಕೊಂಡರು.

2025 ಅಕ್ಟೋಬರ್ 16, ಗುರುವಾರ. 1.40

ಮಂಗಳವಾರ ಬೆಳಿಗ್ಗೆ ಚಾಚಾ ಸ್ಟೂಲಿನಿಂದ ಜಾರಿ ಬಿದ್ದರು. ತುಟಿ ನೀಲಿ. ಟಂಟಂ ಹಿಡಿದು ಗದಗಿನ ದವಾಖಾನೆಗೆ. ಅಲ್ಲಿ ಹದಿನೇಳು ಸಾವಿರ ಡಿಪಾಜಿಟ್ ಕಟ್ಟಿ ಎಂದರು. ಇಷ್ರತ ಹುಬ್ಬಳ್ಳಿಯಿಂದ ಇನ್ನೂ ದಾರಿಯಲ್ಲಿದ್ದಳು. ನನ್ನ ಚೀಲದಲ್ಲಿ ನೂರಾ ಎಂಬತ್ತು ರೂಪಾಯಿ. ಮತ್ತು ಕಾರ್ಡ್.

ಯೋಚನೆ ಮಾಡಿದೆ. ಮಾಡಲಿಲ್ಲ ಎಂದು ಬರೆದರೆ ಸುಳ್ಳು. ಕೌಂಟರಿನ ಮುಂದೆ ಕಾರ್ಡ್ ಹಿಡಿದು ನಿಂತು, ಹನ್ನೊಂದು ತಿಂಗಳ ಮೆಟ್ಟಿಲುಗಳನ್ನೆಲ್ಲ ನೋಡಿದೆ. ಆಮೇಲೆ ಚಾಚಾನ ಕೆಮ್ಮು ಕೇಳಿಸಿತು. ಕೊಟ್ಟೆ. ಇವತ್ತು ಮಂಗಳವಾರ ಎಂದು ನೆನಪಾದದ್ದು ಚೀಟಿ ಕೈಗೆ ಬಂದ ಮೇಲೆ.

ಚಾಚಾ ಈಗ ಆರಾಮಾಗುತ್ತಿದ್ದಾರೆ. ಗಿರಣಿ ನಿಲ್ಲಿಸಬೇಡ ಎಂದು ಹೇಳಿ ಕಳಿಸಿದ್ದಾರೆ, ಬಂದು ನಡೆಸುತ್ತಿದ್ದೇನೆ. ಇಷ್ರತ ನನ್ನ ಕೈ ಹಿಡಿದು ಅತ್ತಳು. ದೀಪಾವಳಿಯೊಳಗೆ ಕೊಡುತ್ತೇನೆ ಎಂದಳು. ಏಳನೇ ತಾರೀಖಿನ ತನಕ ಸಮಯವಿದೆ ಎಂದೆ. ಮುಂದಿನ ಏಳು ಯಾವ ವಾರ ಎಂದು ಮನೆಗೆ ಬಂದು ಕ್ಯಾಲೆಂಡರ್ ನೋಡಿದೆ. ಶುಕ್ರವಾರ.

2025 ನವೆಂಬರ್ 6, ಗುರುವಾರ. 2.50

ದೀಪಾವಳಿ ಹೋಯಿತು. ದವಾಖಾನೆಯ ಖರ್ಚಿನ ಮೇಲೆ ಖರ್ಚು, ಇಷ್ರತಗೆ ಆಗಲಿಲ್ಲ. ಒಂದು ಮಾತು ಅವಳೇ ಅಂದಳು— ಗಿರಣಿಯನ್ನು ಆ ವ್ಯಾಪಾರಿಗೆ ಕೊಟ್ಟುಬಿಟ್ಟರೆ ನಾಳೆಯೇ ನಿನ್ನ ರೊಕ್ಕ ಕೊಡಬಹುದು. ತಪ್ಪೇನೂ ಇಲ್ಲ ಆ ಮಾತಿನಲ್ಲಿ. ನನ್ನ ಹೆಸರು ಉಳಿಯುತ್ತದೆ, ಗಿರಣಿ ಹೋಗುತ್ತದೆ. ಕೊಡದಿದ್ದರೆ ಹೆಸರು ಹೋಗುತ್ತದೆ, ಅದರ ಹಿಂದೆ ಗಿರಣಿಯೂ. ಚಾಚಾ ಹಾಸಿಗೆಯಿಂದಲೇ ಬೇಡ ಎಂದು ಕೈ ಆಡಿಸಿದರಂತೆ.

ನನ್ನ ಕಿರಾಣಿಯ ಬಾಕಿ ನಿನ್ನೆ, ಬೊಟ್ಟಿನ ದಿನ, ಕಟ್ಟಿದೆ. ಹದಿನೇಳು ಸಾವಿರ ಉಳಿಯಿತು. ಈಗ ಇಷ್ರತ ಫೋನ್ ಮಾಡಿದ್ದಳು. ಬಳೆ ಇಟ್ಟು ನಗದು ತಂದಿದ್ದಾಳೆ. ನಾಳೆ ಮಧ್ಯಾಹ್ನದ ಬಸ್ಸಿಗೆ ತಂದು ನಮ್ಮ ಮನೆಯಲ್ಲೇ ಕೈಗೆ ಕೊಡುತ್ತಾಳಂತೆ.

ನಾಳೆ ಶುಕ್ರವಾರ, ನಾಡಿದ್ದು ಮತ್ತೆ ಎರಡನೇ ಶನಿವಾರ. ಶುಕ್ರವಾರ ಮನೆಗೆ ಬಂದ ಲಕ್ಷ್ಮಿಯನ್ನು ಶುಕ್ರವಾರವೇ ಹೊರಗೆ ಕಳಿಸಿದ್ದು ನಮ್ಮ ಮನೆಯ ಚರಿತ್ರೆಯಲ್ಲೇ ಇಲ್ಲ. ಅತ್ತೆಗೆ ಹೇಳಿದೆ. ಕೇಳಿಸಿಕೊಂಡರು. ಅಡಿಕೆ ಕತ್ತರಿಸುತ್ತ ಕೂತೇ ಇದ್ದರು. ಅವರನ್ನು ದೂಡಿಕೊಂಡು ಹೋಗುವ ಧೈರ್ಯ ನನಗಿಲ್ಲ, ಇದ್ದರೂ ಬೇಡ. ಎದೆಯಲ್ಲಿ ಕಲ್ಲು ತಿರುಗುತ್ತಿದೆ, ಕಾಳಿಲ್ಲದೆ.

2025 ನವೆಂಬರ್ 8, ಶನಿವಾರ. 10.30

ನಿನ್ನೆಯದನ್ನು ಬರೆಯಬೇಕು. ಪೂರ್ತಿ.

ಎರಡೂವರೆಗೆ ಇಷ್ರತ ಬಂದಳು. ಬುರ್ಖಾ ತುಂಬಾ ಧೂಳು, ಎದೆಗೆ ಅವುಚಿದ ಒಂದು ಚೀಲ. ನಾನು ಬಾಗಿಲಿಗೆ ಹೋಗುವಷ್ಟರಲ್ಲಿ ಅತ್ತೆ ಅಡ್ಡ ಬಂದು ಹೊಸ್ತಿಲ ಮೇಲೆ ನಿಂತು ಕೈ ಅಗಲಿಸಿದರು.

"ಅಲ್ಲೇ ನಿಂದರು. ಒಳಗ ಬರಬ್ಯಾಡ."

ಇಷ್ರತ ನಿಂತಳು. ಅವಳ ಮುಖ ಹೇಗಾಯಿತು ಎಂದರೆ— ಬರೆಯಲು ಆಗದು. ಎಷ್ಟು ವರ್ಷದಿಂದ ಹೋಳಿಗೆ, ಸುರಕುಂಬಾ ಹೋಗಿ ಬಂದ ಮನೆಗಳು. ನನಗೆ ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆಯ ತೋಳು ಹಿಡಿದು ಎಳೆದೆ. ಅಲುಗಲಿಲ್ಲ.

"ರೊಕ್ಕ ಹೊಸ್ತಿಲ ದಾಟಿ ಒಳಗ ಬಂತಂದ್ರ ಇವತ್ತ ಹೊರಗ ಹೋಗಂಗಿಲ್ಲವ್ವಾ" ಎಂದರು ಅತ್ತೆ ಇಷ್ರತಗೆ, ಮೆಲ್ಲಗೆ. "ಬರದ ರೊಕ್ಕ ಹೋಗೂದ ಎಲ್ಲಿಂದ? ನಿನ್ನ ಕೈಯಾಗ ಇರಲಿ. ಯಶೋಧಾ, ಚಪ್ಪಲಿ ಹಾಕ್ಕೋ. ನೀ ಮುಟ್ಟಬ್ಯಾಡ, ಬ್ಯಾಂಕಿನಾಗ ಇಕಿನ ಕೊಡ್ಲಿ."

ಇಷ್ರತಗೆ ನನಗಿಂತ ಮೊದಲೇ ಹೊಳೆಯಿತು. ಅವಳು ನಕ್ಕಳು, ಕಣ್ಣಲ್ಲಿ ನೀರಿತ್ತು. ಅತ್ತೆ ಗುರುವಾರ ರಾತ್ರಿಯೆಲ್ಲ ನಿದ್ದೆ ಮಾಡದೆ ಇದನ್ನೇ ಹುಡುಕಿದ್ದಾರೆ— ಲಕ್ಷ್ಮಿಗೂ ಬೇಜಾರಾಗಬಾರದು, ಸೊಸೆಗೂ ಆಗಬಾರದು. ನಾವು ಬೀದಿಗಿಳಿದ ಮೇಲೆ ಹಿಂದಿನಿಂದ ಕೂಗಿದರು, ರೊಕ್ಕ ತುಂಬಿ ಬಂದ ಮೇಲೆ ಇಬ್ಬರೂ ಒಳಗೆ ಬರಬೇಕು, ಚಹಾ ಇಡುತ್ತೇನೆ ಎಂದು.

ಓಡಿದೆವು. ಕ್ಯಾಶ್ ಕೌಂಟರ್ ಮುಚ್ಚಲು ಹತ್ತು ನಿಮಿಷವಿತ್ತು. ಇಷ್ರತ ಎಣಿಸಿ ಕೊಟ್ಟಳು. ನಾನು ಚೀಟಿಗೆ ಸಹಿ ಮಾಡಿದೆ. ಒಂದು ನೋಟನ್ನೂ ಮುಟ್ಟಲಿಲ್ಲ.

ಚಹಾ ಕುಡಿಯುವಾಗ ಅತ್ತೆ ಇಷ್ರತಳ ಬರಿಗೈ ನೋಡಿ, ತಮ್ಮ ಹಸಿರು ಗಾಜಿನ ಬಳೆ ನಾಲ್ಕು ತಂದು ಹಾಕಿದರು. ಬಳೆ ಲೆಕ್ಕಕ್ಕಿಲ್ಲ, ಅದು ರೊಕ್ಕ ಅಲ್ಲ ಎಂದು ತಾವೇ ಹೇಳಿಕೊಂಡರು. ಹೋಗುವಾಗ ಇಷ್ರತ ನನ್ನನ್ನು ಮೂಲೆಗೆ ಕರೆದಳು.

"ಆ ಗಜೇಂದ್ರಗಡದವಗ ನಾನ ಫೋನ್ ಮಾಡಿ ಇಲ್ಲ ಅಂತೀನಿ. ಜನವರಿ ತನಕ ನಾ ಕಾಯ್ತೀನಿ. ಆಮ್ಯಾಲಿಂದು ನಿನ್ನ ನಸೀಬ."

2026 ಜನವರಿ 7, ಬುಧವಾರ. 3.20

ಭಾರತಿ ಮೇಡಂ ಸ್ಕ್ರೀನ್ ನನ್ನ ಕಡೆ ತಿರುಗಿಸಿದರು. ಏಳುನೂರಾ ನಾಲ್ಕು.

ಸಂತೋಷ ಎಂದರೆ ಸದ್ದು ಮಾಡಿಕೊಂಡು ಬರುತ್ತದೆ ಎಂದುಕೊಂಡಿದ್ದೆ. ಹಾಗೆ ಬರಲಿಲ್ಲ. ಬೆಲ್ಟ್ ನಿಂತ ಮೇಲೆ ಆಗುತ್ತದಲ್ಲ, ಅಂಥ ಮೌನ. ಬ್ಯಾಂಕಿನ ಫ್ಯಾನ್ ತಿರುಗುತ್ತಿತ್ತು. ಯಾರೋ ಟೋಕನ್ ನಂಬರ್ ಕೂಗಿದರು. ಗಾಳಿಯಲ್ಲಿ ಹಿಟ್ಟು ಇಳಿಯುವುದು ಕಂಡ ಹಾಗಾಯಿತು, ಬ್ಯಾಂಕಿನಲ್ಲಿ ಎಲ್ಲಿಯ ಹಿಟ್ಟು. ಮೇಡಂ ನೀರಿನ ಬಾಟಲಿ ಕೊಟ್ಟ ಮೇಲೆ ತಿಳಿಯಿತು, ಅಳುತ್ತಿದ್ದೆ.

ಇಷ್ರತಗೆ ಫೋನ್ ಮಾಡಿದೆ. ಚಾಚಾ ಹುಬ್ಬಳ್ಳಿಯಲ್ಲಿ ಅವಳ ಪಕ್ಕವೇ ಇದ್ದರು. ಏಳುನೂರಾ ನಾಲ್ಕು ಎಂದರೆ ಅವರು ಕೇಳಿದ್ದು, ಸವೆದ ಕಲ್ಲು ಕುಟ್ಟಿಸಿ ಎಷ್ಟು ದಿನವಾಯಿತು ಎಂದು. ಇನ್ನೂ ಹದಿನೈದು ದಿನ ನಡೆಯುತ್ತದೆ ಎಂದೆ. ಹಾಂ, ಗೊತ್ತೈತಿ ನಿನಗ ಎಂದರು.

2026 ಜನವರಿ 28, ಬುಧವಾರ. 11.40

ಡೈರಿಯಲ್ಲಿ ಇನ್ನು ನಾಲ್ಕೇ ಹಾಳೆ ಉಳಿದಿವೆ.

ಸೋಮವಾರ ರಜೆ ಇತ್ತು, ಮಂಗಳವಾರ ಅತ್ತೆ. ಹಾಗಾಗಿ ಸಾಲದ, ಗಿರಣಿಯ ಕಾಗದಕ್ಕೆಲ್ಲ ಇವತ್ತು ಬೆಳಿಗ್ಗೆ ಸಹಿ ಆಯಿತು. ಚಾಚಾ ಬಂದಿದ್ದರು, ಇಷ್ರತಳ ಕೈ ಹಿಡಿದು. ಗಿರಣಿಯ ತುಂಬಾ ಒಂದು ಸಲ ನಡೆದರು. ಕಲ್ಲಿಗೆ ಅಂಗೈ ಇಟ್ಟು ನಿಂತರು, ದನದ ಮೈ ಸವರಿದ ಹಾಗೆ. ಆಮೇಲೆ ನನ್ನ ಕೈ ಹಿಡಿದು ಸ್ಟಾರ್ಟರಿನ ಹಸಿರು ಗುಂಡಿಯ ಮೇಲೆ ಇಟ್ಟರು. ಶುಕ್ರವಾರ ಬಂದ್ ಇಡುತ್ತೀಯಾ ಎಂದು ಕೇಳಿದರು. ಇಡುತ್ತೇನೆ, ಎರಡು ಮನೆಗೂ ಬೇಕು ಎಂದೆ. ಹನ್ನೊಂದು ಗಂಟೆಯ ಬಸ್ಸಿಗೆ ಹೋದರು. ನಾನು ರಸ್ತೆಯ ತನಕವೂ ಹೋಗಲಿಲ್ಲ. ಯಾವಗಲ್ಲಿನವರ ಗೋದಿ ಗಿರಣಿಯ ಬಾಯಲ್ಲಿತ್ತು.

ಈಗ ಕರೆಂಟ್ ಇಲ್ಲ. ಬಿಸಿಲಿನ ಕೋಲು ಅದೇ ಜಾಗದಲ್ಲಿ ಬಿದ್ದಿದೆ. ಚಾಚಾನ ಸ್ಟೂಲ್ ಖಾಲಿ ಇದೆ. ನಾನು ನೆಲದ ಮೇಲೆ, ಹಿಟ್ಟಿನ ಚೀಲಕ್ಕೆ ಒರಗಿ ಕೂತಿದ್ದೇನೆ. ಸ್ಟೂಲಿನ ಮೇಲೆ ಕೂರಲು ಮನಸ್ಸಾಗುತ್ತಿಲ್ಲ. ಅತ್ತೆ ಮಧ್ಯಾಹ್ನ ಮನೆಯ ಜೋಳ ತರುತ್ತಾರಂತೆ, ಬೀಸಿದ್ದಕ್ಕೆ ರೊಕ್ಕ ಕೊಡುತ್ತಾರಂತೆ. ತಗೋಬೇಕಂತೆ, ಮೊದಲ ಬೋಣಿ. ಗಜೇಂದ್ರಗಡದ ಗುಡ್ಡದ ಮೇಲೆ ಈಗ ಗಾಳಿ ಇದೆಯೋ ಇಲ್ಲವೋ. ಇದ್ದರೆ ಅಲ್ಲಿಂದ ಹೊರಟಿರಬೇಕು, ತಂತಿ ಹಿಡಿದು, ಹೊಲ ದಾಟಿ...

ಬಲ್ಬ್ ಹತ್ತಿತು. ಯಶೋಧಾ ಬಂತ ನೋಡು ಎಂದು ಯಾರಾದರೂ ಕೂಗುತ್ತಾರೆಂದು ಕಾಯುತ್ತ ಕೂತೆ. ಯಾರೂ ಕೂಗಲಿಲ್ಲ. ಕೂಗಬೇಕಾದವಳು ಈಗ ನಾ—